ಹಠಮಾರಿಯ ಎರಡು ಪ್ರತಿ

ಜೂನ್ ೨೦

ಪ್ರೀತಿಯ ಗೊಣಗಮ್ಮ,

ನೀನು ಹೋದ ಮೇಲೆ ಮನೆ ಎಷ್ಟು ದೊಡ್ಡದಾಗಿದೆ ಎಂದರೆ, ಅಡುಗೆಮನೆಯಿಂದ ಹೊರಟು ಬಾಗಿಲು ಮುಟ್ಟುವಷ್ಟರಲ್ಲಿ ಯಾಕೆ ಎದ್ದೆನೆಂಬುದೇ ಮರೆತುಹೋಗುತ್ತದೆ. ನಿನ್ನಣ್ಣ ಇದ್ದಿದ್ದರೆ "ಅದು ಮನೆ ತಪ್ಪಲ್ಲ ಕಣೇ ಮರೆಗುಳಿ, ನಿನ್ನ ತಪ್ಪು" ಅನ್ನುತ್ತಿದ್ದರು. ನಿನಗೆ ಗೊಣಗಮ್ಮ, ನನಗೆ ಮರೆಗುಳಿ. ಮನೆಯ ಇಬ್ಬರು ಹೆಂಗಸರಿಗೂ ಅಡ್ಡಹೆಸರಿಟ್ಟು ತಾವು ಮಾತ್ರ ಸಜ್ಜನರ ಹಾಗೆ ಎದ್ದು ಹೋದರು ನೋಡು.

ಹೊರಡುವ ದಿನ ನಿನ್ನ ಕೈ ಹಿಡಿದುಕೊಂಡು "ಇನ್ನೊಂದು ವಾರ ಇರು" ಎಂದು ಮಗುವಿನ ಹಾಗೆ ಅತ್ತೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ನೀನು ಚೀಲ ಕೆಳಗಿಟ್ಟು ಉಳಿದುಕೊಂಡೆ. ಆ ವಾರ ನೀನಿಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು, ಇದು ಉಪಚಾರದ ಮಾತಲ್ಲ.

ಆಮೇಲೆ ನೀನು ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ನಾನು ಇಟ್ಟುಬಿಟ್ಟೆ. ತಪ್ಪು ತಿಳಿಯಬೇಡ. ನೀನು "ಹಲೋ" ಅಂದಾಗ ಅದರ ತಳದಲ್ಲಿ ಅವರ ದನಿ ಇದೆ. ಎದುರಿಗೆ ಇದ್ದಾಗ ನಿನ್ನ ಮುಖ ನೋಡಿಕೊಂಡು ಹೇಗೋ ತಡೆದೆ. ಫೋನಿನಲ್ಲಿ ಬರೀ ದನಿ. ಅದು ನನ್ನಿಂದಾಗದು. ಕಾಗದ ಬರೆ.

ಇನ್ನೊಂದು ಮಾತು. ರಜೆಯಲ್ಲಿ ನಿನ್ನ ಕಾಲೇಜಿನ ಫ್ರೀಜರ್ ಯಾರು ನೋಡಿಕೊಂಡರು? ಅದು ಬೆಳೆಯುತ್ತಿದ್ದ ಒಂದೇ ಗುಡ್ಡವನ್ನು ಕಲ್ಲು ತೆಗೆಯುವವರು ತೋಡಿ ಮುಗಿಸಿದ ಮೇಲೆ ಹಠಮಾರಿ ಗಿಡ ಭೂಮಿಯ ಮೇಲೆ ಎಲ್ಲೂ ಉಳಿದಿಲ್ಲ. ನಿನ್ನಣ್ಣ ತಂದಿಟ್ಟ ಬೀಜಗಳೂ ಇಟ್ಟ ಹೆಸರಿಗೆ ತಕ್ಕಂತೆ ಹಠ ಹಿಡಿದು ಒಂದೂ ಮೊಳೆಯಲಿಲ್ಲ. ಒಣಗಿಸಿಟ್ಟ ಎಲೆಗಳಿವೆ, ಅವುಗಳಲ್ಲಿರುವ ಡಿಎನ್‌ಎ ಪುಡಿಪುಡಿಯಾಗಿದೆ. ಈಗ ಹಠಮಾರಿ ಎಂದರೆ ಎರಡು ಫ್ರೀಜರ್: ಇಲ್ಲೊಂದು, ನಿನ್ನಲ್ಲೊಂದು. "ಒಂದೇ ಪ್ರತಿ ಅಂದ್ರೆ ಒಂದೂ ಇಲ್ಲ ಅಂತ ಲೆಕ್ಕ" ಎನ್ನುವುದು ಅವರ ವೇದವಾಕ್ಯವಾಗಿತ್ತಲ್ಲ. ಎರಡು ಸಾಲು ಬರೆದು ತಿಳಿಸು, ನೆಮ್ಮದಿಯಾಗುತ್ತದೆ.

ನಿನ್ನ ಅತ್ತಿಗೆ

---

ಜುಲೈ ೪

ಅತ್ತಿಗೆಯವರಿಗೆ ನಮಸ್ಕಾರಗಳು.

ಫೋನ್ ಇಟ್ಟಿದ್ದಕ್ಕೆ ಬೇಸರವಿಲ್ಲ. ಈ ಗಂಟಲು ಅಪ್ಪನಿಂದ ಬಂದದ್ದು, ಅಣ್ಣನಿಗೂ ನನಗೂ ಸಮಪಾಲು. ಗಂಡಸಿಗೆ ಚೆಂದ, ನನಗೆ ಮಾತ್ರ ಹಾಲು ಹಾಕುವವನು ಇವತ್ತಿಗೂ ಫೋನಿನಲ್ಲಿ "ಹೇಳಿ ಸಾರ್" ಅನ್ನುತ್ತಾನೆ.

ಅಮ್ಮ ಉಣ್ಣುತ್ತಾಳೆ, ಮಲಗುತ್ತಾಳೆ, ಜಗಳವಾಡುತ್ತಾಳೆ. ಆದ್ದರಿಂದ ಚೆನ್ನಾಗಿದ್ದಾಳೆ ಎಂದೇ ತಿಳಿಯಬೇಕು. ಮೊನ್ನೆ ಇದ್ದಕ್ಕಿದ್ದಂತೆ ಕೇಳಿದಳು:

"ಅವನ ಲೈಬ್ರರೀಲಿ ಪುಸ್ತಕ ಎಷ್ಟಿದ್ವು? ಯಾರಾದ್ರೂ ಓದ್ತಾರೋ, ಇಲ್ಲ ಗೆದ್ದಲಿಗೆ ಬಿಟ್ಟಿದೀರೋ?"

ಇಷ್ಟು ವರ್ಷ ಅವಳು ಮಗ ಪುಸ್ತಕದ ಲೈಬ್ರರಿ ಇಟ್ಟಿದ್ದಾನೆಂದೇ ತಿಳಿದಿದ್ದಳು. ಕೂರಿಸಿ ಹೇಳಿದೆ. ಗಿಡದ ಒಂದೊಂದು ಜೀವಕೋಶದಲ್ಲೂ ಆ ಗಿಡ ಹೇಗೆ ಬೆಳೆಯಬೇಕೆಂದು ಬರೆದ ದೊಡ್ಡ ಪುಸ್ತಕವಿದೆ, ಅದೇ ಜೀನೋಮ್. ಅದನ್ನು ಹಾಗೇ ಓದಲಾಗದು. ಆದ್ದರಿಂದ ಅಣ್ಣ ಅದನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಬ್ಯಾಕ್ಟೀರಿಯಾದ ಒಳಗೆ ಸೇರಿಸಿ, ಅವನ್ನು ಪ್ಲಾಸ್ಟಿಕ್ ಪ್ಲೇಟಿನ ಪುಟ್ಟ ಪುಟ್ಟ ಕುಳಿಗಳಲ್ಲಿ ಹೆಪ್ಪುಗಟ್ಟಿಸಿ ಇಟ್ಟ. ಅದೇ ಲೈಬ್ರರಿ. ಯಾವ ತುಂಡಿನ ಪಕ್ಕ ಯಾವ ತುಂಡು ಇತ್ತು ಅಂತ ಅತ್ತಿಗೆ ನಕ್ಷೆ ಮಾಡುತ್ತಾರೆ ಎಂದೆ. ಅಮ್ಮ ಹೇಳಿದಳು:

"ಚೆನ್ನಾಗಿರೋ ಪುಸ್ತಕ ಹರಿದು ಹುಳದ ಹೊಟ್ಟೆಗೆ ಹಾಕೋದು ಗಂಡ. ಚೂರು ಆರಿಸಿ ಜೋಡಿಸೋಳು ಹೆಂಡ್ತಿ. ಇದ್ರಲ್ಲಿ ಹೊಸದೇನಿದೆ? ನಮ್ಮನೇಲೂ ಅದೇ ನಡೆದಿದ್ದು."

ಬಿದ್ದು ಬಿದ್ದು ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು. ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ಅಣ್ಣನ ಲೇಖನದ ಮೊದಲ ಪುಟಕ್ಕೆ ಚೌಕಟ್ಟು ಹಾಕಿಸಿ ಅವಳ ಮಂಚದ ಎದುರಿನ ಗೋಡೆಗೆ ತೂಗುಹಾಕಿದ್ದೇನೆ. ಓದಲು ಬರದಿದ್ದರೇನು, ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಾಳೆ. "ಉಪ್ಪುನೆಲದಲ್ಲಿ ಬೆಳೆ ಬೆಳೆಸೋ ದಾರಿ ನನ್ನ ಮಗ ಹುಡುಕಿದ್ದು."

ಫ್ರೀಜರ್ ಬಗ್ಗೆ ಕೇಳಿದ್ದೀರಿ. ಎಲ್ಲ ಇದ್ದಲ್ಲೇ ಇದೆ. ನಿಮಗೆ ಇರುವ ಭಾರವೇ ಸಾಕು, ಇದನ್ನೂ ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ಸರಿಯಾಗಿ ಊಟ ಮಾಡಿ. ಬರೀ ಚಹಾ ಕುಡಿದು ದಿನ ದೂಡುತ್ತಿದ್ದೀರೆಂದು ನನಗೆ ಗೊತ್ತು.

ನಿಮ್ಮ ನಾದಿನಿ

---

ಆಗಸ್ಟ್ ೩೦

ಪ್ರೀತಿಯ ಗೊಣಗಮ್ಮ,

ಎಲ್ಲ ಇದ್ದಲ್ಲೇ ಇದೆ ಎಂದು ಬರೆದೆಯಲ್ಲ, ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ನಿನ್ನ ಹತ್ತಿರ ಒಂದು ಪ್ರತಿ ಕ್ಷೇಮವಾಗಿದೆ ಎಂಬ ಧೈರ್ಯ ನನಗೆ ನಿದ್ದೆ ತಂದುಕೊಟ್ಟಿದೆ. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಅನ್ನುತ್ತಾರೆ. ಹೇಳುವವರು ನಮ್ಮನ್ನು ನೋಡಿಲ್ಲ.

ಕೆಲಸಕ್ಕೆ ಹೋಗುತ್ತಿದ್ದೇನೆ. ನಮ್ಮ ಕೊಠಡಿ ಹಾಗೇ ಇದೆ: ಗೋಡೆಯುದ್ದಕ್ಕೂ ಕಲ್ಲಿನ ಮೇಜು, ತೊಟ್ಟಿಕ್ಕುವ ನಲ್ಲಿ, ಮೂಲೆಯಲ್ಲಿ ಗುಂಯ್ ಎನ್ನುವ ಫ್ರೀಜರ್. ಅವರ ಕುರ್ಚಿಯ ಮೇಲೆ ಯಾರೋ ಕೈಗವಸಿನ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ. ತೆಗೆಯಿರಿ ಎನ್ನಲು ಬಾಯಿ ಬರಲಿಲ್ಲ. ಖಾಲಿ ಕುರ್ಚಿ ನೋಡುವುದಕ್ಕಿಂತ ಇದೇ ವಾಸಿ.

ನಕ್ಷೆ ಮುಗಿಯುತ್ತಾ ಬಂದಿದೆ. ಎರಡು ತುಂಡುಗಳ ಅಂಚು ಒಂದೇ ಥರ ಇದ್ದರೆ ಅವು ನೆರೆಹೊರೆಯವು. ಹೀಗೆ ಒಂದಕ್ಕೊಂದು ಕೊಂಡಿ ಹಾಕುತ್ತಾ ಹೋಗುತ್ತೇನೆ. ಉಪ್ಪು ತಡೆಯುವ ಗುಣ ಇರುವುದೆಂದು ಅವರು ನಂಬಿದ್ದ ಜಾಗವೂ ನಕ್ಷೆಯಲ್ಲಿ ಸರಿಯಾಗಿ ಕೂತಿತು: ನಲವತ್ತೊಂದನೇ ಪ್ಲೇಟಿನ ಆ ತುಂಡು. ನಿನಗೆ ನೆನಪಿರಬೇಕು, ಆ ತುಂಡನ್ನು ತಂಬಾಕು ಗಿಡಗಳಿಗೆ ಸೇರಿಸಿ ಉಪ್ಪುನೀರು ಹಾಕಿದಾಗ, ಪಕ್ಕದ ಗಿಡಗಳೆಲ್ಲ ಸುಟ್ಟು ಕರಕಲಾದರೂ ಇವು ಹಸಿರಾಗಿ ನಿಂತವು. ಅವರು ಕುಣಿದದ್ದು ನೀನು ನೋಡಬೇಕಿತ್ತು. ಆ ಗಿಡಗಳು ಬೀಜ ಕಟ್ಟದೆ ಹೋದಾಗಲೂ "ಹೋಗ್ಲಿ ಬಿಡು, ತುಂಡು ಫ್ರೀಜರಲ್ಲಿದೆ, ಇನ್ನೊಂದ್ಸಲ ಮಾಡಿದ್ರಾಯ್ತು" ಎಂದರು. ಆ ಇನ್ನೊಂದು ಸಲ ಬರುವ ಮೊದಲೇ ಅವರ ಎದೆ ನಿಂತಿತು.

ಪ್ಲೇಟುಗಳ ಮೇಲೆಲ್ಲ ಅವರದೇ ಅಕ್ಷರ. ಫ್ರೀಜರ್ ಬಾಗಿಲು ತೆರೆದರೆ ಬಿಳಿ ಮಂಜಿನ ಕೆಳಗೆ ಆ ಮೊಂಡು ಅಕ್ಷರಗಳು ಕಾಣುತ್ತವೆ. ಮನೆಯಲ್ಲಿ ಹುಡುಕಿದರೆ ಅವರ ಕೈಬರಹದ ಒಂದು ಚೀಟಿಯೂ ಸಿಗುವುದಿಲ್ಲ. ಎಲ್ಲ ಅಲ್ಲೇ ಇದೆ, ಆ ಚಳಿಯಲ್ಲಿ.

ಅತ್ತೆಗೆ ನನ್ನ ನಮಸ್ಕಾರ ಹೇಳು.

ನಿನ್ನ ಅತ್ತಿಗೆ

---

ಅಕ್ಟೋಬರ್ ೧೭

ಅತ್ತಿಗೆಗೆ ನಮಸ್ಕಾರ.

ತಡವಾಯಿತು. ಕಾಲೇಜಿನಲ್ಲಿ ಪರೀಕ್ಷೆ, ಮನೆಯಲ್ಲಿ ಅಮ್ಮನ ಮಂಡಿನೋವು, ನಡುವೆ ನಾನು. ಈ ಕಾಗದಕ್ಕೆ ನಾಲ್ಕು ಸಲ ಕೂತು ಎದ್ದಿದ್ದೇನೆ.

ಒಂದು ವಿಷಯ ಕೇಳಬೇಕಿತ್ತು. ನಿಮ್ಮಲ್ಲಿರುವ ಪ್ಲೇಟುಗಳಿಂದ ಇನ್ನೊಂದು ಪ್ರತಿ ತೆಗೆದು ಕಳಿಸಲು ಆಗುತ್ತದೆಯೇ? ಎಲ್ಲವೂ ಬೇಕು. ಮಕ್ಕಳಿಗೆ ಪಾಠಕ್ಕೆ ಬೇಕಾಗಿದೆ, ಅಷ್ಟೇ. ಬೇರೇನೂ ಇಲ್ಲ. ಸೂಜಿಸಾಲಿನ ಅಚ್ಚು ನಿಮ್ಮಲ್ಲಿದೆ, ಹಳೆಯ ಪ್ಲೇಟಿಗೆ ಅದ್ದಿ ಹೊಸದಕ್ಕೆ ಒತ್ತಿದರೆ ಮುಗಿಯಿತು ಎಂದು ಅಣ್ಣ ಹೇಳುತ್ತಿದ್ದ. ಪೆಟ್ಟಿಗೆ, ಡ್ರೈ ಐಸ್, ಎಲ್ಲದರ ಏರ್ಪಾಡು ನಾನು ಮಾಡುತ್ತೇನೆ. ಬೇಕಾದರೆ ನಾನೇ ಬಂದು ಒಯ್ಯುತ್ತೇನೆ.

ಆದಷ್ಟು ಬೇಗ ಆದರೆ ಒಳ್ಳೆಯದು. ಅವಸರವಿಲ್ಲ. ಆದರೂ ಬೇಗ.

ನಿಮ್ಮ ನಾದಿನಿ

---

ನವೆಂಬರ್ ೮

ನಾದಿನಿಗೆ,

ನಿನ್ನ ಕಾಗದ ತಲುಪಿತು.

ಪಾಠಕ್ಕೆ ಬೇಕಾದರೆ ನಿನ್ನ ಹತ್ತಿರ ಒಂದು ಪ್ರತಿ ಇದೆಯಲ್ಲ, ಅದನ್ನೇ ತೆಗೆದು ತೋರಿಸಬಹುದು. ಎರಡು ಇರುವಾಗ ಮೂರನೆಯದು ಯಾಕೆಂದು ನನಗೆ ಅರ್ಥವಾಗಲಿಲ್ಲ. ಇಲ್ಲ, ಅರ್ಥವಾಯಿತು ಅಂತಲೇ ಇಟ್ಟುಕೋ. ಮರೆಗುಳಿ ಹೆಂಗಸು, ಗಂಡ ಬೇರೆ ಇಲ್ಲ, ಇವಳ ಕೈಯಲ್ಲಿ ಅಣ್ಣನ ಆಸ್ತಿ ಎಷ್ಟು ದಿನ ಉಳಿದೀತು ಎಂದು ನಿನಗೆ ಅನಿಸಿರಬೇಕು. ಮಾತಿನಲ್ಲಿ ಹೇಳದೆ ಪಾಠದ ನೆಪ ಹೂಡಿದ್ದೀಯ. ರಕ್ತಸಂಬಂಧ ನಿನ್ನದು, ನಾನು ಹೊರಗಿನಿಂದ ಬಂದವಳು. ಆದರೆ ಆ ಪ್ಲೇಟುಗಳನ್ನು ತುಂಬುವಾಗ ಅವರ ಎದುರು ಕೂತಿದ್ದವಳು ನಾನು.

ಪ್ರತಿ ತೆಗೆಯಬೇಕಾದರೆ ಎಲ್ಲ ಪ್ಲೇಟುಗಳನ್ನೂ ಕರಗಿಸಬೇಕು. ಸದ್ಯಕ್ಕೆ ನನಗೆ ಆಗುವುದಿಲ್ಲ.

ಅತ್ತಿಗೆ

---

ಜನವರಿ ೫

ಅತ್ತಿಗೆ,

ನೀವು ಬರೆದದ್ದನ್ನು ಓದಿ ಎರಡು ದಿನ ಊಟ ಸೇರಲಿಲ್ಲ. ನನ್ನ ಮನಸ್ಸಿನಲ್ಲಿ ಅಂಥದ್ದು ಇರಲಿಲ್ಲ. ಇದ್ದದ್ದು ಏನೆಂದು ಹೇಳುವುದಕ್ಕೆ ನನಗೆ ಬರುತ್ತಿಲ್ಲ.

ಮೂರನೇ ಪ್ರತಿಯ ಮಾತು ಬಿಟ್ಟುಬಿಡಿ. ನಿಮ್ಮದನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳಿ. ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ, ಚೆನ್ನಾಗಿ ನೋಡಿಕೊಳ್ಳಿ.

ಅಮ್ಮನಿಗೆ ಈಗ ಮಂಚದಿಂದ ಏಳಲು ಒಬ್ಬರ ಆಸರೆ ಬೇಕು. ಬೆಳಿಗ್ಗೆ ಎದ್ದ ಕೂಡಲೇ ಚೌಕಟ್ಟಿನ ಗಾಜು ಒರೆಸಲು ಬಟ್ಟೆ ಕೇಳುತ್ತಾಳೆ. ನಾನು ಅವಳನ್ನು ಹಿಡಿದುಕೊಂಡು ನಿಲ್ಲುತ್ತೇನೆ, ಅವಳು ಒರೆಸುತ್ತಾಳೆ.

ನಿಮ್ಮ ನಾದಿನಿ

---

ಮಾರ್ಚ್ ೧೧

ಗೊಣಗಮ್ಮ,

ಈ ಕಾಗದ ನಿನಗೆ ಕಳಿಸುವುದಿಲ್ಲ. ಬರೆದು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಇಡುತ್ತೇನೆ. ಆದರೂ ನಿನಗೇ ಬರೆಯುತ್ತಿದ್ದೇನೆ, ಇನ್ನು ಯಾರಿದ್ದಾರೆ ನನಗೆ.

ನಲವತ್ತೊಂದು ಸತ್ತುಹೋಗಿದೆ.

ಲೇಖನ ಅಚ್ಚು ಹಾಕಿದ ಪತ್ರಿಕೆಯವರಿಂದ ಪತ್ರ ಬಂದಿತ್ತು. ಬೇರೆ ದೇಶದ ಒಂದು ತಂಡ ನಿನ್ನಣ್ಣನ ಫಲಿತಾಂಶವನ್ನು ಪರೀಕ್ಷಿಸಬೇಕಂತೆ, ಆ ತುಂಡು ಬೇಕಂತೆ. ಕೇಳಿದವರಿಗೆ ಕೊಡಬೇಕಾದದ್ದು ಧರ್ಮ, ಇದು ಈ ಕಸುಬಿನ ಕಟ್ಟುಪಾಡು. ಏಪ್ರಿಲ್ ಕೊನೆಯೊಳಗೆ ಕಳಿಸದಿದ್ದರೆ ಲೇಖನ ಹಿಂತೆಗೆಯುತ್ತಾರೆ. ಹಿಂತೆಗೆದರು ಎಂದರೆ ಜನ ಏನೆನ್ನುತ್ತಾರೆ ನಿನಗೂ ಗೊತ್ತು. ಸುಳ್ಳು ಬರೆದಿದ್ದ, ಸತ್ತು ಬಚಾವಾದ ಎನ್ನುತ್ತಾರೆ.

ನಗುತ್ತಲೇ ಫ್ರೀಜರ್ ತೆರೆದೆ. ಬರಲಿ, ಪರೀಕ್ಷಿಸಲಿ, ಅವರ ಮಾತು ನಿಜವೆಂದು ಲೋಕಕ್ಕೇ ಗೊತ್ತಾಗಲಿ ಎಂದುಕೊಂಡೆ. ಕುಳಿಯಿಂದ ಒಂದು ಚೂರು ತೆಗೆದು ಬ್ಯಾಕ್ಟೀರಿಯಾ ಬೆಳೆಸುವ ಪೋಷಕದ ಮೇಲೆ ಸವರಿ ಬೆಚ್ಚಗಿಟ್ಟೆ. ಮರುದಿನ ಏನೂ ಬೆಳೆದಿರಲಿಲ್ಲ. ಮತ್ತೆ ಸವರಿದೆ. ಪಕ್ಕದ ಕುಳಿಗಳಿಂದಲೂ ಸವರಿದೆ. ಇಡೀ ಪ್ಲೇಟನ್ನೇ ಒತ್ತಿ ನೋಡಿದೆ. ತೊಳೆದಿಟ್ಟ ಕನ್ನಡಿಯ ಹಾಗೆ ಖಾಲಿ.

ಕೊಂದವಳು ನಾನೇ. ಆ ಪ್ಲೇಟಿನ ಮುಚ್ಚಳದ ಮೇಲೆ ಅವರು ನನಗೆಂದೇ ಒಂದು ಸಾಲು ಬರೆದಿದ್ದರು. "ಮರೆಗುಳೀ, ಹೊರಗಿಟ್ಟು ಮರೆತೀಯ ಜೋಕೆ. ಕರಗಿದರೆ ಸಾಯುತ್ತೆ." ಬಯ್ಗುಳವೇ. ಆದರೆ ನನ್ನನ್ನು ಕರೆದು ಬರೆದ ಮಾತು ಎಂದು ಈ ಲೋಕದಲ್ಲಿ ಉಳಿದಿರುವುದು ಅದೊಂದೇ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ತೆಗೆದು ಮೇಜಿನ ಮೇಲಿಡುತ್ತಿದ್ದೆ. ಮುಚ್ಚಳದ ಮೇಲೆ ಮಂಜು ದಪ್ಪಗೆ ಕಟ್ಟಿರುತ್ತದೆ, ಅದು ಕರಗುವ ತನಕ ಅಕ್ಷರ ಕಾಣುವುದಿಲ್ಲ. ಕರಗಲಿ ಎಂದು ಕಾಯುತ್ತಾ ಕೂರುತ್ತಿದ್ದೆ. ಮೊದಲು "ಮರೆ" ಕಾಣುತ್ತಿತ್ತು, ಆಮೇಲೆ ಉಳಿದದ್ದು. ಓದಿ ಮುಗಿಸಿ ತಲೆ ಮೇಜಿಗೆ ಒರಗಿಸಿದರೆ ಎಷ್ಟು ಹೊತ್ತಾಯಿತೆಂದು ತಿಳಿಯುತ್ತಿರಲಿಲ್ಲ. ಹೀಗೆ ಎಷ್ಟು ಮಧ್ಯಾಹ್ನ ಎಂದು ಕೇಳಬೇಡ.

ಇದು ತಪ್ಪೆಂದು ನನಗೆ ಗೊತ್ತಿರಲಿಲ್ಲವೇ? ಈ ಕೆಲಸದಲ್ಲೇ ತಲೆ ನೆರೆತವಳು ನಾನು. ಪ್ರತಿ ಸಲವೂ ಒಂದೇ ಸಮಾಧಾನ ಹೇಳಿಕೊಂಡೆ: ಹೋದರೆ ಹೋಗಲಿ, ಗೊಣಗಮ್ಮನ ಹತ್ತಿರ ಇನ್ನೊಂದಿದೆ. ನಿನ್ನ ಆ ಒಂದು ಸಾಲು ನನಗೆ ಅಪ್ಪಣೆಚೀಟಿಯಾಗಿತ್ತು. ನೀನು ಪ್ರತಿ ಕೇಳಿದಾಗ ಕೊಟ್ಟಿದ್ದರೆ ಅಂದೇ ತಿಳಿಯುತ್ತಿತ್ತೇನೋ. ನಿನ್ನನ್ನು ಅನುಮಾನಿಸಿ, ಚುಚ್ಚಿ ಬರೆದು ಕೂತೆ.

ಈಗ ಯಾವ ಬಾಯಲ್ಲಿ ನಿನ್ನನ್ನು ಕೇಳಲಿ.

---

ಮಾರ್ಚ್ ೧೩

ಪ್ರೀತಿಯ ಗೊಣಗಮ್ಮ,

ನವೆಂಬರಿನಲ್ಲಿ ಏನೇನೋ ಬರೆದೆ. ಮನಸ್ಸು ಕೆಟ್ಟಿತ್ತು, ನಾಲಿಗೆಗೆ ಎಲುಬಿಲ್ಲ, ಪೆನ್ನಿಗೆ ಮೊದಲೇ ಇಲ್ಲ. ಹೊಟ್ಟೆಗೆ ಹಾಕಿಕೋ.

ಒಂದು ಸಂತೋಷದ ಸುದ್ದಿ. ಬೇರೆ ದೇಶದವರು ನಿನ್ನಣ್ಣನ ಪ್ರಯೋಗವನ್ನು ಮತ್ತೆ ಮಾಡಿ ನೋಡುತ್ತಾರಂತೆ, ಪತ್ರಿಕೆಯವರು ಆ ತುಂಡು ಕಳಿಸಲು ಕೇಳಿದ್ದಾರೆ. ಏಪ್ರಿಲ್ ಕೊನೆಯ ಗಡುವು, ತಪ್ಪಿದರೆ ಲೇಖನ ಹಿಂತೆಗೆಯುತ್ತಾರಂತೆ. ಇಲ್ಲಿಂದ ಕಳಿಸುವುದೇನೂ ಕಷ್ಟವಲ್ಲ. ಆದರೆ ಎರಡು ಕಡೆಯ ಪ್ರತಿಗಳಿಂದಲೂ ಹೋದರೆ ನಂಬಿಕೆ ಹೆಚ್ಚು ಎಂದು ನನಗೆ ಅನಿಸಿತು. ನಿನ್ನಲ್ಲಿರುವ ನಲವತ್ತೊಂದನೇ ಪ್ಲೇಟನ್ನು ಡ್ರೈ ಐಸಿನಲ್ಲಿಟ್ಟು ನನಗೆ ಕಳಿಸುತ್ತೀಯಾ?

ಅತ್ತೆಯ ಮಂಡಿ ಹೇಗಿದೆ?

ನಿನ್ನ ಅತ್ತಿಗೆ

---

ಮಾರ್ಚ್ ೩೦

ಅತ್ತಿಗೆಗೆ ನಮಸ್ಕಾರ.

ಹೊಟ್ಟೆಗೆ ಹಾಕಿಕೊಳ್ಳುವುದೇನು ಬಂತು, ಅದನ್ನು ಆಗಲೇ ಮರೆತೆ.

ಸುದ್ದಿ ಓದಿ ಕುಣಿಯಬೇಕೆನಿಸಿತು. ಅಮ್ಮನಿಗೂ ಹೇಳಿದೆ. "ಪರೀಕ್ಷೆ ಮಾಡ್ತಾರಂತಾ? ಮಾಡ್ಲಿ. ನನ್ನ ಮಗ ಚಿಕ್ಕವನಿದ್ದಾಗ ಕಳ್ಳಾಟ ಆಡೋಕೂ ಬರ್ತಿರ್ಲಿಲ್ಲ ಅವನಿಗೆ" ಎಂದಳು. ದಿನಕ್ಕೊಂದು ಸಲ ಕೇಳುತ್ತಾಳೆ, ಪರೀಕ್ಷೆ ಮುಗೀತಾ ಅಂತ.

ಪ್ಲೇಟಿನ ವಿಷಯ. ಇಲ್ಲಿ ಡ್ರೈ ಐಸ್ ಸಿಗುತ್ತಿಲ್ಲ. ಸಿಕ್ಕರೂ ದಾರಿಯಲ್ಲಿ ಏನಾಗುತ್ತದೋ. ಬಿಸಿಲು ಬೇರೆ. ನಿಮ್ಮ ಪ್ರತಿಯೇ ಮೂಲ ಪ್ರತಿ, ಅಣ್ಣನ ಕೈಯಿಂದ ನೇರ ಬಂದದ್ದು. ಅದರಿಂದಲೇ ಕಳಿಸಿಬಿಡಿ ಅತ್ತಿಗೆ. ಒಂದು ಸಾಕು. ಎರಡು ಯಾಕೆ?

ನಿಮ್ಮ ನಾದಿನಿ

---

ಏಪ್ರಿಲ್ ೧೬

ಗೊಣಗಮ್ಮ,

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನ ನಲವತ್ತೊಂದನೇ ಪ್ಲೇಟು ಸತ್ತಿದೆ. ಒಂದು ಕುಳಿಯೂ ಜೀವ ಹಿಡಿಯಲಿಲ್ಲ. ನಕ್ಷೆಯಲ್ಲಿ ಅದರ ಅಕ್ಕಪಕ್ಕ ಬರುವ ತುಂಡುಗಳು ಬೇರೆ ಪ್ಲೇಟುಗಳಲ್ಲಿ ಬದುಕಿವೆ, ಆದರೆ ಬೇಕಾದದ್ದು ಅವುಗಳಲ್ಲಿಲ್ಲ. ನಕ್ಷೆಯಲ್ಲಿ ಸರಿಯಾಗಿ ಅದೇ ಜಾಗ ಬರಿದಾಗಿದೆ.

ಇನ್ನು ನಿನ್ನ ಪ್ರತಿಯೇ ಗತಿ. ಡ್ರೈ ಐಸ್ ಸಿಗದಿದ್ದರೆ ಬೇಡ. ಪ್ಲೇಟಿನಿಂದ ಒಂದು ಚೂರು ಪೋಷಕದ ಮೇಲೆ ಸವರಿ, ಬೆಳೆದದ್ದನ್ನು ಬಟ್ಟೆಯಲ್ಲಿ ಸುತ್ತಿ ಅಂಚೆಗೆ ಹಾಕು, ಬಿಸಿಲಿಗೂ ಸಾಯುವುದಿಲ್ಲ. ಇಲ್ಲ, ನಾನೇ ಬರುತ್ತೇನೆ. ಒಂದು ತಂತಿ ಕೊಡು, ಹೊರಟುಬಿಡುತ್ತೇನೆ. ನಿನ್ನ ದನಿ ಕೇಳಿದರೂ ಪರವಾಗಿಲ್ಲ, ಫೋನೇ ಮಾಡು.

ನಿನ್ನಣ್ಣನ ಮಾನ ನಿನ್ನ ಕೈಯಲ್ಲಿದೆ. ನನ್ನ ಕೈಯಲ್ಲಿದ್ದದ್ದನ್ನು ನಾನು ಕಳೆದೆ.

ಅತ್ತಿಗೆ

---

ಏಪ್ರಿಲ್ ೧೬

ಅತ್ತಿಗೆ,

ಕೂತು ಓದಿ.

ನನ್ನ ಹತ್ತಿರ ಯಾವ ಪ್ರತಿಯೂ ಇಲ್ಲ. ಅಣ್ಣ ಹೋದಾಗಿನಿಂದಲೂ ಇಲ್ಲ.

ನಿಮ್ಮ ಮನೆಯಿಂದ ಬಂದವಳು ಚೀಲ ಇಳಿಸಿ ನೇರ ಕಾಲೇಜಿಗೆ ಹೋದೆ. ರಜೆಯ ಕಟ್ಟಡ, ಕಿಟಕಿಗಳೆಲ್ಲ ಮುಚ್ಚಿ ಒಲೆಯ ಹಾಗೆ ಕಾದಿತ್ತು. ಓಣಿಯ ತುದಿಯಲ್ಲಿ ನಮ್ಮ ಕಾವಲುಗಾರ ತಾತ ಬಹಳ ಸಂತೋಷದಿಂದ ಎದುರು ಬಂದ.

"ಅಮ್ಮಾ, ನಿಮ್ಮ ಪೆಟ್ಟಿಗೆ ಹಿಂದಿನ ವಾರ ಒಂದೇ ಸಮ ಕೂಗ್ತಿತ್ತು. ಪಾಪ, ಏನೋ ಆಗ್ತಿದೆ ಅಂತ ನಾನೇ ಪ್ಲಗ್ ಕಿತ್ತೆ. ಆಮೇಲೆ ಸುಮ್ಮನಾಯ್ತು ನೋಡಿ."

ಕರೆಂಟ್ ಏರಿಳಿದು ಒಳಗೆ ಸ್ವಲ್ಪ ಬಿಸಿಯಾದದ್ದಕ್ಕೆ ಅದು ಕೂಗಿಕೊಂಡಿತ್ತು. ನಾನಿದ್ದಿದ್ದರೆ ಗುಂಡಿ ಒತ್ತಿ ಸರಿಮಾಡುತ್ತಿದ್ದೆ. ಬಾಗಿಲು ತೆರೆದಾಗ ಎಲ್ಲ ಪ್ಲೇಟುಗಳೂ ನೀರಿನಲ್ಲಿ ತೇಲುತ್ತಿದ್ದವು. ಹುಳಿ ವಾಸನೆ. ತಾತ ಹಿಂದೆ ನಿಂತು "ಏನಾದ್ರೂ ತಪ್ಪಾಯ್ತಾ ಅಮ್ಮಾ?" ಎಂದ. ಇಲ್ಲ ತಾತ, ಒಳ್ಳೇದು ಮಾಡಿದ್ರಿ ಎಂದೆ. ಇನ್ನೇನು ಹೇಳಲಿ.

ಅತ್ತಿಗೆ, ಅದು ಕೂಗಿದ್ದು ನಾನು ಉಳಿದುಕೊಂಡ ಆ ಕೊನೆಯ ವಾರ. ನೀವು ಕೈ ಹಿಡಿದು ಇರು ಎಂದ ವಾರ. ಇದನ್ನು ಹೇಳಿದರೆ ನೀವು ನಿಮ್ಮನ್ನೇ ಹಳಿದುಕೊಳ್ಳುತ್ತೀರಿ ಎಂದು ಹೇಳಲಿಲ್ಲ. ಎಲ್ಲ ಇದ್ದಲ್ಲೇ ಇದೆ ಎಂದು ಬರೆದೆ. ಪ್ಲೇಟುಗಳು ಇವತ್ತಿಗೂ ಇದ್ದಲ್ಲೇ ಇವೆ, ಸುಳ್ಳಲ್ಲ. ನಿಮ್ಮಿಂದ ಒಂದು ಪ್ರತಿ ತರಿಸಿಕೊಂಡು ಸದ್ದಿಲ್ಲದೆ ತುಂಬಿಬಿಡೋಣ ಎಂದಿದ್ದೆ. ನೀವು ಬೇರೆ ಅರ್ಥ ಮಾಡಿಕೊಂಡಿರಿ, ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ಬಯ್ಯಿರಿ, ಮಾತು ಬಿಡಿ, ಏನು ಬೇಕಾದರೂ ಮಾಡಿ. ನಿಮ್ಮ ಪ್ರತಿ ಒಂದು ಉಳಿದಿದೆಯಲ್ಲ, ಅದೇ ನಮ್ಮ ಪುಣ್ಯ. ಅದನ್ನು ಬೇಗ ಕಳಿಸಿ, ಅಣ್ಣನ ಮಾತು ನಿಜವೆಂದು ಎಲ್ಲರೂ ನೋಡಲಿ.

ನಿಮ್ಮ ನಾದಿನಿ

---

ಏಪ್ರಿಲ್ ೨೭

ಅತ್ತಿಗೆ,

ನನ್ನ ಕಾಗದ ಅಂಚೆಗೆ ಹಾಕಿದ ಮೇಲೆ ನಿಮ್ಮದು ಬಂತು. ಒಂದೇ ದಿನ ಬರೆದಿದ್ದೇವೆ. ದಾರಿಯಲ್ಲಿ ಎಲ್ಲೋ ಒಂದರ ಪಕ್ಕ ಒಂದು ಹಾದುಹೋಗಿರಬೇಕು.

ಅಂದಿನಿಂದ ಒಂದೇ ಯೋಚನೆ. ನಿಮ್ಮ ಆಗಸ್ಟಿನ ಕಾಗದ ತೆಗೆದು ನೋಡಿದೆ. "ಒಂದು ಪ್ರತಿ ಕ್ಷೇಮವಾಗಿದೆ ಎಂಬ ಧೈರ್ಯ" ಎಂದು ಬರೆದಿದ್ದೀರಿ. ಅತ್ತಿಗೆ, ನಿಮ್ಮದು ಹೇಗೆ ಸತ್ತಿತು? ಆ ಧೈರ್ಯದಲ್ಲಿ ನಿಮ್ಮದನ್ನು ಸ್ವಲ್ಪ ಸಡಿಲ ಬಿಟ್ಟಿರಾ? ನಾನು ಆವತ್ತೇ ನಿಜ ಹೇಳಿದ್ದರೆ ಅದು ಉಳಿಯುತ್ತಿತ್ತೇ? ಹೌದಾದರೆ ಅಣ್ಣನ ಹೆಸರಿಗೆ ಮಸಿ ಬಳಿದವಳು ನಾನು. ಮರೆಮಾಚದೆ ಹೇಳಿ. ಇದೊಂದನ್ನು ತಿಳಿಯದೆ ನನಗೆ ಬದುಕಲಾಗುವುದಿಲ್ಲ.

ಅಮ್ಮ ಇವತ್ತೂ ಕೇಳಿದಳು, ಪರೀಕ್ಷೆ ಮುಗೀತಾ ಅಂತ. ಒಲೆಯ ಕಡೆ ತಿರುಗಿಕೊಂಡೆ.

ನಿಮ್ಮ ನಾದಿನಿ

---

ಮೇ ೯

ಪ್ರೀತಿಯ ಗೊಣಗಮ್ಮ,

ಇಲ್ಲ.

ನಿನ್ನ ಪ್ರಶ್ನೆಗೆ ಮೊದಲು ಉತ್ತರ ಬರೆದೆ, ಇನ್ನು ಉಸಿರಾಡು. ನಿಜವಾಗಿ ನಡೆದದ್ದು ಇಷ್ಟು: ನಮ್ಮ ಫ್ರೀಜರಿನ ಬಾಗಿಲ ರಬ್ಬರು ಸವೆದು ಹೋಗಿತ್ತು, ಯಾರೂ ಗಮನಿಸಲಿಲ್ಲ. ಬಾಗಿಲ ಪಕ್ಕದ ಅಂತಸ್ತಿನಲ್ಲಿದ್ದ ಪ್ಲೇಟು ಅದು, ದಿನಾ ಸ್ವಲ್ಪ ಸ್ವಲ್ಪ ಬೆಚ್ಚಗಾಗಿ ಸತ್ತಿದೆ. ನಾನು ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದೆ. ನೀನು ನಿಜ ಹೇಳಿದ್ದರೂ ಇದೇ ಆಗುತ್ತಿತ್ತು, ಹೇಳದಿದ್ದರೂ ಇದೇ ಆಯಿತು. ಈ ಮಾತನ್ನು ಮತ್ತೆ ಎತ್ತಬೇಡ. ಎತ್ತಿದರೆ ನಾನು ಉತ್ತರಿಸುವುದಿಲ್ಲ.

ನೀನು ಉಳಿದ ಆ ವಾರಕ್ಕೂ ನಾನು ಕ್ಷಮೆ ಕೇಳುವುದಿಲ್ಲ. ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಕೈ ಹಿಡಿದುಕೊಳ್ಳುತ್ತೇನೆ.

ಪತ್ರಿಕೆಯವರಿಗೆ ಬರೆದೆ. ಲೇಖನ ಹಿಂತೆಗೆದುಕೊಂಡರು. ಎರಡು ಸಾಲಿನ ಪ್ರಕಟಣೆ: ಮೂಲವಸ್ತು ಒದಗಿಸಲಾಗದ ಕಾರಣ. ಅದರಲ್ಲಿ ಸುಳ್ಳೇನೂ ಇಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಮೊನ್ನೆ ಚಹಾದ ಹೊತ್ತಿಗೆ ಹೊಸದಾಗಿ ಸೇರಿದ ಇಬ್ಬರು ನಾನು ಒಳಗಿದ್ದೇನೆಂದು ತಿಳಿಯದೆ ಮಾತಾಡುತ್ತಿದ್ದರು.

"ಆ ಗಿಡ ನಿಜವಾಗ್ಲೂ ಇತ್ತಾ?"

"ಯಾರಿಗೆ ಗೊತ್ತಪ್ಪಾ. ಗಂಡ ಹೆಂಡ್ತಿ ಇಬ್ರೇ ನೋಡಿದ್ದಂತೆ."

ಎದ್ದು ಹೋಗಿ ಒಂದು ಕೊಡಬೇಕೆನಿಸಿತು. ಕಪ್ಪು ತೊಳೆದಿಟ್ಟು ಬಂದೆ. ಏನು ತೋರಿಸಿ ವಾದ ಮಾಡಲಿ? ನನ್ನ ಹತ್ತಿರ ಇರುವುದು ನಕ್ಷೆ. ಊರೇ ಇಲ್ಲದ ಮೇಲೆ ನಕ್ಷೆ ತೋರಿಸಿದರೆ ನಗುತ್ತಾರೆ.

ಅತ್ತೆಗೆ ಪರೀಕ್ಷೆ ಮುಗಿಯಿತು ಎಂದು ಹೇಳು. ಮಗ ಪಾಸಾದನೇ ಎಂದು ಕೇಳಿದರೆ ಹೌದು ಎನ್ನು. ಇಬ್ಬರೂ ಸೇರಿ ಇಷ್ಟೆಲ್ಲ ಸುಳ್ಳು ಹೇಳಿದ್ದೇವೆ, ಇದೊಂದು ನಿಜ ಹೇಳೋಣ. ಆ ಗಿಡಗಳು ಉಪ್ಪುನೀರಿನಲ್ಲಿ ಹಸಿರಾಗಿ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಚೌಕಟ್ಟು ಗೋಡೆಯ ಮೇಲೇ ಇರಲಿ, ಗಾಜು ಒರೆಸಲು ಬಟ್ಟೆ ಕೊಡುತ್ತಿರು.

ಬರುವ ವಾರಕ್ಕೆ ಅವರು ಹೋಗಿ ಒಂದು ವರ್ಷ. ಅತ್ತೆಯನ್ನು ಯಾರಿಗಾದರೂ ಒಪ್ಪಿಸಲು ಸಾಧ್ಯವಾದರೆ ಬಾ. ಆಗದಿದ್ದರೆ ಆ ದಿನ ಫೋನ್ ಮಾಡು, ಈ ಸಲ ಇಡುವುದಿಲ್ಲ.

ನಲವತ್ತೊಂದನೇ ಪ್ಲೇಟನ್ನು ಕಸಕ್ಕೆ ಹಾಕಬೇಕಿತ್ತು, ನಿಯಮ ಹಾಗಿದೆ. ಬಿಸಿ ಹಬೆಯಲ್ಲಿಟ್ಟು ಶುದ್ಧ ಮಾಡಿ, ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ಪ್ಲಾಸ್ಟಿಕ್ ಸ್ವಲ್ಪ ಸೊಟ್ಟಗಾಗಿದೆ, ಮುಚ್ಚಳದ ಮೇಲಿನ ಅಕ್ಷರ ಮಾತ್ರ ಹಾಗೇ ಇದೆ. ಅಡುಗೆಮನೆಯ ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಮಂಜು ಇಲ್ಲ, ಕರಗಲಿ ಎಂದು ಕಾಯುವುದೂ ಇಲ್ಲ, ನೋಡಿದ ಕೂಡಲೇ ಓದಬಹುದು. ಹೊರಗಿಟ್ಟು ಮರೆತರೂ ಇನ್ನು ಬಯ್ಯುವವರಿಲ್ಲ.

ನಿನ್ನ ಅತ್ತಿಗೆ